ಹಗಲು ಪಾಂಡವರ ಮನೆ, ಇರುಳು ಪಾಂಡವರ ಆಟ

ಚಿತ್ರಶಾಲೆಗಳನ್ನು ನೋಡಬೇಕು, ಸಂಗೀತ ನಾಟಕವೊಂದನ್ನು ಕೇಳಬೇಕು ಎಂಬ ಆಸೆ ಹುಟ್ಟಿದೊಡನೆ ಹೊಸೂರು ಸೀಮೆಯ ನಮ್ಮ ಜನ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹತ್ತುವುದು ತಪ್ಪೇನೂ ಅಲ್ಲ. ನಲವತ್ತು ಕಿಲೋಮೀಟರು ದೂರದಲ್ಲಿ ಅಷ್ಟೊಂದು ಸಂಪತ್ತಿರುವಾಗ ನೋಡದಿರುವುದೇ ತಪ್ಪು. ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲ್ಕತ್ತೆಯಲ್ಲಿ ಕಲಿತು, ಮೈಸೂರಿಗೆ ಮರಳಿ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದ ಕೆ. ವೆಂಕಟಪ್ಪನವರು ಉದಕಮಂಡಲದ ಮಂಜನ್ನು ನೀರುಬಣ್ಣದಲ್ಲಿ ಹಿಡಿದಿಟ್ಟ ಬಗೆಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ತಿರುಗಿ ಕೂಡಿಹಾಕಿದ ತೊಗಲುಗೊಂಬೆಗಳಿವೆ. 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ ಆಧುನಿಕ ಕಲೆಯ ರಾಷ್ಟ್ರೀಯ ಚಿತ್ರಶಾಲೆಯೂ ತೆರೆಯಿತು. ಇವನ್ನೆಲ್ಲ ನಾವು ಶಾಲೆಯ ಮಕ್ಕಳನ್ನು ಕರೆದೊಯ್ದು ತೋರಿಸಿದ್ದೇವೆ, ಮುಂದೆಯೂ ತೋರಿಸುತ್ತೇವೆ.

ಆದರೆ ಗಡಿಯವರಾದ ನಮಗೆ ಒಂದು ವಿಚಿತ್ರವಾದ ಅಭ್ಯಾಸ ಅಂಟಿಕೊಂಡಿದೆ. ಸೊಗಸಾದುದೆಲ್ಲ ಉತ್ತರಕ್ಕಿದೆ ಎಂದು ನಂಬಿ ಸದಾ ಅತ್ತಲೇ ಮುಖಮಾಡಿ ನಿಲ್ಲುತ್ತೇವೆ. ಬೆನ್ನ ಹಿಂದೆ, ಶೂಲಗಿರಿಯಿಂದಾಚೆ, ಕೃಷ್ಣಗಿರಿ, ಕಾವೇರಿಪಟ್ಟಣದ ಕಡೆ ಏನಿದೆಯೆಂದು ತಿರುಗಿ ನೋಡುವವರು ವಿರಳ. ಮಾವಿನ ಹಣ್ಣಿನ ಕಾಲದಲ್ಲಿ ಮಾತ್ರ ಕೃಷ್ಣಗಿರಿಯ ನೆನಪು ನಮಗೆ ಬರುತ್ತದೆ! ಈ ಬೇಸಿಗೆಯ ರಜೆಯಲ್ಲಿ ನಾವು ಆ ದಿಕ್ಕಿಗೇ ಹೊರಟೆವು. ಒಂದು ಹಗಲು, ಒಂದು ಇರುಳು, ಮಾರನೆಯ ಬೆಳಗಿನ ಎರಡು ಮೂರು ಗಂಟೆ — ಇಷ್ಟೇ ನಮ್ಮ ಪ್ರವಾಸದ ಅವಧಿ. ನಮ್ಮೊಡನೆ ಮನೆಯವರು, ನಿವೃತ್ತರಾದ ಕನ್ನಡ ಪಂಡಿತರು, ಚಿತ್ರಕಲೆಯ ಅಧ್ಯಾಪಕರು, ಆಗ ತಾನೇ ಹತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದ ನಮ್ಮ ಶಾಲೆಯ ಒಬ್ಬ ಹುಡುಗ ಇದ್ದರು. ಆ ಹುಡುಗನ ವಿಷಯ ಮುಂದೆ ಬರುತ್ತದೆ.

ಬಿಸಿಲೇರುವುದಕ್ಕೆ ಮುಂಚೆ ಮಲ್ಲಚಂದ್ರದ ಗುಡ್ಡವನ್ನು ಹತ್ತಬೇಕೆಂದು ನಸುಕಿನಲ್ಲಿಯೇ ಮನೆ ಬಿಟ್ಟಿದ್ದೆವು. ತಮಿಳಿನಲ್ಲಿ ಮಲ್ಲಚಂದಿರಂ ಎನ್ನುವ ಈ ಊರಿನ ಬಳಿಯ ಬೋಳುಬಂಡೆಯ ಮೇಲೆ ಬೃಹತ್ ಶಿಲಾಯುಗದ ಜನ ತಮ್ಮ ಸತ್ತವರಿಗಾಗಿ ಕಟ್ಟಿದ ಕಲ್ಮನೆಗಳು ಸಾಲಾಗಿ ನಿಂತಿವೆ. ನಾಲ್ಕು ಕಡೆ ನೆಟ್ಟ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು, ಮುಂದಿನ ಚಪ್ಪಡಿಯಲ್ಲಿ ಗುಂಡನೆಯ ಕಂಡಿ. ಗಾರೆಯಿಲ್ಲ, ಮೊಳೆಯಿಲ್ಲ. ಬಂಡೆಯ ಮೇಲೆ ಬೆಂಕಿಯುರಿಸಿ ಕಾಯಿಸಿದರೆ ಅದು ಪದರವಾಗಿ ಬಿಡುತ್ತದೆ. ಹಾಗೆ ಬಿಟ್ಟ ಪದರವನ್ನು ಸನ್ನೆಯಿಂದ ಎಬ್ಬಿಸಿ ಚಪ್ಪಡಿ ಮಾಡುತ್ತಿದ್ದರು. ಈ ವಿದ್ಯೆ ಇಂದಿಗೂ ನಮ್ಮ ಕಲ್ಲೊಡೆಯುವವರಿಗೆ ಗೊತ್ತು. ಒಬ್ಬೊಬ್ಬ ಮೃತನಿಗಾಗಿ ಇಡೀ ಊರೇ ಹೆಗಲು ಕೊಡದೆ ಇಂಥ ಮುಚ್ಚುಗಲ್ಲು ಮೇಲೇರುವುದು ಸಾಧ್ಯವಿಲ್ಲ.

ನಾವು ನೋಡಲು ಹೋದದ್ದು ಕಲ್ಲುಗಳನ್ನಷ್ಟೇ ಅಲ್ಲ. ಇಲ್ಲಿನ ಕೆಲವು ಕಲ್ಮನೆಗಳ ಒಳಮೈಯಲ್ಲಿ ಬಿಳಿಯ ಬಣ್ಣದ ಚಿತ್ರಗಳಿವೆ. ತಲೆ ತಗ್ಗಿಸಿ, ಮೊಣಕಾಲೂರಿ, ಕಂಡಿಯ ಬಳಿ ಕುಳಿತು ಕಣ್ಣಿಗೆ ಕತ್ತಲೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಮೊದಲು ಏನೂ ಕಾಣಿಸದು. ಆಮೇಲೆ ಕಲ್ಲಿನ ಕಂದುಬಣ್ಣದೊಳಗಿನಿಂದ ಒಬ್ಬ ಮನುಷ್ಯ ಮೆಲ್ಲನೆ ಹೊರಗೆ ಬರುತ್ತಾನೆ, ಕೈಯಲ್ಲಿ ಆಯುಧ. ಇನ್ನೊಬ್ಬ ಪ್ರಾಣಿಯ ಬೆನ್ನಮೇಲೆ ಕುಳಿತಿದ್ದಾನೆ. ಗೆರೆಗೆ ಗೆರೆ ಸೇರಿಸಿ ಮಾಡಿದ ಮೈ, ಬೆರಳಿನಲ್ಲಿಯೇ ಎಳೆದಂತಿರುವ ಕೈಕಾಲು. ಚಿತ್ರಕಲೆಯ ಅಧ್ಯಾಪಕರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಮೂರನೆಯ ತರಗತಿಯ ಮಕ್ಕಳು ಹೀಗೆಯೇ ಬರೆಯುತ್ತಾರೆ ಸಾರ್. ನಾವು ಅದನ್ನು ತಿದ್ದಿ ಕೆಡಿಸುತ್ತೇವೆ” ಎಂದರು. ಅವರು ವಿನೋದಕ್ಕೆ ಹೇಳಿದರೋ ಬೇಸರಕ್ಕೆ ಹೇಳಿದರೋ ತಿಳಿಯಲಿಲ್ಲ.

ಚಿತ್ರಶಾಲೆಯಲ್ಲಿ ಚಿತ್ರವನ್ನು ನೋಡುವವರಿಗಾಗಿ ತೂಗುಹಾಕುತ್ತಾರೆ. ಇಲ್ಲಿ ಚಿತ್ರ ಬರೆದವನು ಅದನ್ನು ಯಾರೂ ನೋಡಬಾರದ ಕಡೆ, ಸತ್ತವನೊಬ್ಬನ ಪಾಲಿಗಾಗಿ ಬರೆದ. ಈ ಭೇದವನ್ನು ಹುಡುಗನಿಗೆ ಹೇಳಿದಾಗ ಅವನು, “ಹಾಗಾದರೆ ನಾವು ನೋಡಬಹುದಾ ಸಾರ್?” ಎಂದು ಕೇಳಿದ. ಪಂಡಿತರು ನಕ್ಕು, “ಮುಟ್ಟದೆ ನೋಡಪ್ಪ” ಎಂದರು.

ಗುಡ್ಡದ ಮೇಲೆ ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬರು ನಮ್ಮನ್ನು ಕಂಡು ಬಂದರು. ತೆಲುಗು, ತಮಿಳು, ಕನ್ನಡ ಮೂರನ್ನೂ ಬೆರೆಸಿದ ನಮ್ಮ ಸೀಮೆಯ ಮಾತಿನಲ್ಲಿ ಅವರು ಕೊಟ್ಟ ವಿವರಣೆ ಇದು: ಪಾಂಡವರು ಕಾಡಿಗೆ ಬಂದಾಗ ಮಳೆಗೆ ನೆನೆಯದಿರಲೆಂದು ಭೀಮನು ಒಂದೇ ಇರುಳಿನಲ್ಲಿ ಈ ಮನೆಗಳನ್ನು ಕಟ್ಟಿದ. ತೆಂಕಣ ನಾಡಿನಲ್ಲಿ ಎಲ್ಲಿ ಹೋದರೂ ಇಂಥ ಕಲ್ಮನೆಗಳಿಗೆ ಪಾಂಡವರ ಹೆಸರೇ ಅಂಟಿಕೊಂಡಿದೆ. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಮಾತ್ರ ಇವನ್ನು ಮೋರ್ಯರ ಮನೆ ಎನ್ನುತ್ತಾರೆ. ಮೋರ್ಯರೆಂದರೆ ಗಿಡ್ಡ ಜನವಂತೆ. ಭೀಮನೋ ಗಿಡ್ಡರೋ, ಸಾಮಾನ್ಯ ಮನುಷ್ಯರ ಕೆಲಸ ಇದಲ್ಲ ಎಂಬ ವಿಸ್ಮಯ ಮಾತ್ರ ಎರಡು ಕಡೆಯೂ ಒಂದೇ.

ಆದರೆ ಕಲ್ಮನೆಗಳ ಇಂದಿನ ಗತಿಯನ್ನು ನೋಡಿ ನಮ್ಮ ಮನಸ್ಸು ಕುಗ್ಗಿತು. ನಿಧಿಯಾಸೆಗೆ ನೆಲವನ್ನು ಅಗೆದ ಗುಂಡಿಗಳು ಅಲ್ಲಲ್ಲಿ ಬಾಯಿ ತೆರೆದುಕೊಂಡಿವೆ. ಕೆಲವು ಚಪ್ಪಡಿಗಳು ಮುರಿದು ಬಿದ್ದಿವೆ. ಈ ಜಿಲ್ಲೆಯ ಕಲ್ಲಿಗೆ ದೂರದ ದೇಶಗಳಲ್ಲಿ ಬೆಲೆಯಿರುವುದರಿಂದ ಗುಡ್ಡಗಳು ಕರಗುತ್ತಿರುವುದನ್ನು ಹೆದ್ದಾರಿಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ. ಇದೇ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಅಗೆದು ತೆಗೆದ ಮಾದರಿಗಳ ಕಾಲಗಣನೆಯಿಂದ ತಮಿಳುನಾಡಿನಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಿಂದಕ್ಕೆ ಹೋಗುತ್ತದೆಂದು 2022ರಲ್ಲಿ ಸರ್ಕಾರವೇ ಪ್ರಕಟಿಸಿತು. ನಾಲ್ಕು ಸಾವಿರ ವರ್ಷದ ಹಿಂದೆ ಕಬ್ಬಿಣ ಕಾಯಿಸಿದವರ ನಾಡು ಇದು. ಅವರ ಚಿತ್ರವನ್ನೂ ಮನೆಯನ್ನೂ ಉಳಿಸಿಕೊಳ್ಳಲು ಒಂದು ಬೇಲಿ ಹೆಚ್ಚಿನ ಮಾತಲ್ಲ.

ಮಧ್ಯಾಹ್ನದ ಹೊತ್ತಿಗೆ ಕೃಷ್ಣಗಿರಿಯಲ್ಲಿದ್ದೆವು. ಊಟ ಮುಗಿಸಿ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. 1993ರಲ್ಲಿ ಆರಂಭವಾದ ಈ ಸಂಗ್ರಹಾಲಯ ದೊಡ್ಡದೇನೂ ಅಲ್ಲ. ದೊಡ್ಡದಲ್ಲದಿರುವುದೇ ಅದರ ಗುಣ. ಕಾಲು ನೋಯುವ ಮುಂಚೆ ನೋಡಿ ಮುಗಿಸಬಹುದು, ಮತ್ತೆ ಮರಳಿ ಬೇಕಾದುದರ ಮುಂದೆ ನಿಲ್ಲಬಹುದು. ನಾವು ಹೆಚ್ಚು ಹೊತ್ತು ನಿಂತದ್ದು ವೀರಗಲ್ಲುಗಳ ಮುಂದೆ.

ಧರ್ಮಪುರಿ, ಕೃಷ್ಣಗಿರಿ, ತಿರುವಣ್ಣಾಮಲೈ ಜಿಲ್ಲೆಗಳು ವೀರಗಲ್ಲುಗಳ ಕಣಜ. ತುರುಗಳನ್ನು ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವನು, ಹುಲಿಯೊಡನೆ ಸೆಣಸಿ ಮಡಿದವನು, ಒಡೆಯನಿಗಾಗಿ ಪ್ರಾಣ ಕೊಟ್ಟವನು — ಇವರೆಲ್ಲ ಇಲ್ಲಿ ಕಲ್ಲಾಗಿ ನಿಂತಿದ್ದಾರೆ. ಹಳೆಯ ಕಲ್ಲುಗಳಲ್ಲಿ ವೀರನೊಬ್ಬನೇ, ಕೈಯಲ್ಲಿ ಬಿಲ್ಲೋ ಕತ್ತಿಯೋ. ಕಾಲ ಸರಿದಂತೆ ಕಲ್ಲು ಮೂರಂತಸ್ತಾಗುತ್ತದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಕೈಲಾಸ. ಓದು ಬಾರದವನಿಗೂ ಕಥೆ ತಿಳಿಯುವಂತೆ ಬಿಡಿಸಿದ ಚಿತ್ರಮಾಲೆಗಳು ಇವು. ಹೊಲದ ಬದುವಿನಲ್ಲಿ ಉಳಿದುಕೊಂಡ ಇಂಥ ಕಲ್ಲುಗಳಿಗೆ ಇಲ್ಲಿನ ಜನ ವೇಡಿಯಪ್ಪನೆಂದು ಹೆಸರಿಟ್ಟು, ಗುಡಿ ಕಟ್ಟಿ, ಪೂಜೆ ಮಾಡುತ್ತಾರೆ. ಹೆಸರು ಮರೆತ ಮೇಲೂ ಉಪಕಾರ ಮರೆಯದ ಜನ!

ಪಂಡಿತರು ಇಲ್ಲಿ ಒಂದು ಒಳ್ಳೆಯ ಸಂಗತಿಯನ್ನು ತೆಗೆದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ನಮ್ಮಲ್ಲಿ ಅನೇಕರಿಗೆ ಗೊತ್ತು. ಹತ್ತನೆಯ ಶತಮಾನದ ನಡುವಣ ಆ ಕನ್ನಡ ಶಾಸನ, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯನ್ನು ನೆನೆಯುತ್ತದೆ. ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆ, ಪಲ್ಲವ ಮಹೇಂದ್ರವರ್ಮನ ಕಾಲದಲ್ಲಿ, ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ನೆಟ್ಟ ತಮಿಳು ವೀರಗಲ್ಲಿನಲ್ಲಿ ವೀರನ ಪಕ್ಕದಲ್ಲಿ ಅವನ ನಾಯಿಯೂ ನಿಂತಿದೆ. ಅದರ ಹೆಸರು ಕೋವಿವನ್. ಯಜಮಾನ ಬಿದ್ದ ಮೇಲೂ ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತೆಂದು ಕಲ್ಲು ಹೇಳುತ್ತದೆ. ಕನ್ನಡದ ಕಾಳಿ, ತಮಿಳಿನ ಕೋವಿವನ್ — ಈ ಎರಡು ನಾಯಿಗಳನ್ನು ಒಂದೇ ಪಾಠದಲ್ಲಿ ಹೇಳಿದರೆ ನಮ್ಮ ಮಕ್ಕಳು ಎಂದಿಗೂ ಮರೆಯಲಾರರು ಎಂದು ನಮಗೆ ತೋರಿತು.

ಮನೆಯವರಿಗೆ ವೀರರಲ್ಲಿ ಅಷ್ಟು ಆಸಕ್ತಿ ಹುಟ್ಟಲಿಲ್ಲ. ಹೊಸೂರಿನ ಕಡೆಯ ಹಳ್ಳಿಗಳಲ್ಲಿ ಕಾಣುವ ಮಾಸ್ತಿಕಲ್ಲುಗಳ ಮಾತು ಬಂದಾಗ ಅವರು ಒಂದು ಪ್ರಶ್ನೆ ಹಾಕಿದರು. ಕಂಬದಿಂದ ಚಾಚಿದ ಒಂದು ತೋಳು, ಮುಂಗೈಯಲ್ಲಿ ಬಳೆ, ಬೆರಳ ನಡುವೆ ನಿಂಬೆಯ ಹಣ್ಣು — ಇಷ್ಟೇ ತಾನೆ ಅವಳ ಚಿತ್ರ? “ನಾಯಿಯ ಹೆಸರನ್ನೂ ಬರೆದಿದ್ದಾರಲ್ಲ ರೀ, ಇವಳ ಹೆಸರನ್ನು ಬರೆಯಲು ಕಲ್ಲಿನಲ್ಲಿ ಜಾಗವಿರಲಿಲ್ಲವೇ?” ಹೆಸರಿರುವ ಮಾಸ್ತಿಕಲ್ಲುಗಳೂ ಇವೆಯೆಂದು ಪಂಡಿತರು ಹೇಳಿದರು. ಆ ಉತ್ತರ ಅವರಿಗೆ ಸಾಕಾದಂತೆ ಕಾಣಲಿಲ್ಲ. ನಮಗೂ ಸಾಕಾಗಲಿಲ್ಲ.

ಈ ಮಣ್ಣಿನಲ್ಲಿ ಕನ್ನಡದ ಬೇರು ಎಷ್ಟು ಆಳವೆಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬ ಮಹೇಂದ್ರನ ಕಾಲದ, ಒಂಬತ್ತನೆಯ ಶತಮಾನದ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನು ಈ ಸೀಮೆಯ ಕುಂದಾಣಿಯಲ್ಲಿ ರಾಜಧಾನಿಯನ್ನು ಮಾಡಿಕೊಂಡಿದ್ದನು. ಬಾರಾಮಹಲೆಂದು ಹೆಸರಾಗಿದ್ದ ಕೃಷ್ಣಗಿರಿಯ ಸುತ್ತಿನ ಸೀಮೆ 1792ರಲ್ಲಿ ಟೀಪುವಿನ ಕೈಬಿಟ್ಟು ಇಂಗ್ಲಿಷರ ವಶವಾಯಿತು. ಆಮೇಲಿನ ಕಥೆ ಎಲ್ಲರಿಗೂ ತಿಳಿದದ್ದೇ. ನಾವು ಇಲ್ಲಿಗೆ ವಲಸೆ ಬಂದವರಲ್ಲ ಎಂದು ಹೇಳಿಕೊಳ್ಳಲು ಇಷ್ಟು ಸಾಕು. ಅಷ್ಟೇ ಹಳೆಯ ತಮಿಳು ಕಲ್ಲುಗಳೂ ಪಕ್ಕದಲ್ಲಿಯೇ ಇವೆ ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು.

ಇನ್ನು ಇರುಳಿನ ಮಾತು.

ಪಶ್ಚಿಮ ದೇಶಗಳಲ್ಲಿ ‘ಆಪೆರಾ’ ಎಂಬ ಹಾಡಿನ ನಾಟಕವಿದೆ. ಕ್ರಿ.ಶ. 1600ರ ಆಸುಪಾಸಿನಲ್ಲಿ ಇಟಲಿಯ ಪಂಡಿತರು, ಪ್ರಾಚೀನ ಗ್ರೀಕರು ನಾಟಕವನ್ನು ಹಾಡುತ್ತಿದ್ದರೆಂದು ನಂಬಿ, ಅದನ್ನು ಮತ್ತೆ ಬದುಕಿಸಲು ಹೊರಟು ಹೊಸದೊಂದನ್ನು ಹುಟ್ಟಿಸಿದರು. 1607ರಲ್ಲಿ ಮಾಂಟುವಾ ನಗರದಲ್ಲಿ ಆಡಿದ ಮೊಂಟೆವರ್ಡಿಯ ‘ಓರ್ಫಿಯೋ’ ಇಂದಿಗೂ ರಂಗದ ಮೇಲೆ ಬರುತ್ತದೆ. ನಮ್ಮ ಕನ್ನಡದಲ್ಲಿ ಪು. ತಿ. ನರಸಿಂಹಾಚಾರ್ಯರು ‘ಗೋಕುಲ ನಿರ್ಗಮನ’ದಂಥ ಗೀತನಾಟಕಗಳನ್ನು ಬರೆದರು, ಶಿವರಾಮ ಕಾರಂತರೂ ಈ ಪ್ರಯೋಗಕ್ಕೆ ಕೈಹಾಕಿದ್ದರು. ಆದರೆ ಇಟಲಿಯವರು ಪುಸ್ತಕ ಹುಡುಕಿ ಬದುಕಿಸಲು ಹೊರಟದ್ದು ನಮ್ಮ ನಾಡಿನಲ್ಲಿ ಸತ್ತೇ ಇರಲಿಲ್ಲ. ಕರಾವಳಿಯ ಯಕ್ಷಗಾನ, ಬಯಲುಸೀಮೆಯ ಮೂಡಲಪಾಯ, ತಮಿಳರ ತೆರುಕ್ಕೂತ್ತು, ಎಲ್ಲವೂ ಹಾಡಿ ಕುಣಿದು ಕಥೆ ನಡೆಸುವ ಆಟಗಳೇ. ‘ತೆರು’ ಎಂದರೆ ಬೀದಿ, ‘ಕೂತ್ತು’ ಎಂದರೆ ಆಟ.

ನಾವು ಹೋದದ್ದು ಕಾವೇರಿಪಟ್ಟಣದ ಆಚೆಯ ಒಂದು ಹಳ್ಳಿಗೆ. ದ್ರೌಪದಿಯಮ್ಮನ ಗುಡಿಯಲ್ಲಿ ಭಾರತದ ಉತ್ಸವ ನಡೆಯುತ್ತಿತ್ತು. ಬೆಂಗಳೂರಿನ ಧರ್ಮರಾಯನ ಗುಡಿಯ ಕರಗವನ್ನು ನೋಡಿದವರಿಗೆ ಈ ದೇವಿ ಹೊಸಬಳಲ್ಲ. ಅದೇ ದ್ರೌಪದಿ, ಅದೇ ಭಕ್ತಿ. ಇಲ್ಲಿ ಹಗಲು ಹೊತ್ತು ಒಬ್ಬ ಪಂಡಿತರು ವಿಲ್ಲಿಪುತ್ತೂರರ ತಮಿಳು ಭಾರತವನ್ನು ಓದಿ ಅರ್ಥ ಹೇಳುತ್ತಾರೆ. ಇರುಳು ಅದೇ ಕಥಾಭಾಗವನ್ನು ಕೂತ್ತಿನವರು ಆಡುತ್ತಾರೆ. ನಮ್ಮ ಗಮಕವೂ ಬಯಲಾಟವೂ ಒಂದೇ ಉತ್ಸವದಲ್ಲಿ ಕೈಕೈ ಹಿಡಿದು ನಡೆದಂತೆ. ಒಂದು ರಾತ್ರಿ ವಸ್ತ್ರಾಪಹರಣ, ಇನ್ನೊಂದು ರಾತ್ರಿ ಅರ್ಜುನನ ತಪಸ್ಸು. ತಪಸ್ಸಿನ ರಾತ್ರಿ ವೇಷಧಾರಿಯು ನಿಜವಾಗಿಯೇ ಎತ್ತರದ ಕಂಬವನ್ನು ಹತ್ತಿ, ಮೇಲಿನಿಂದ ನಿಂಬೆಯ ಹಣ್ಣು, ಹೂವು, ವಿಭೂತಿಯನ್ನು ಎಸೆಯುತ್ತಾನೆ. ಮಕ್ಕಳಿಲ್ಲದ ಹೆಂಗಸರು ಸೆರಗೊಡ್ಡಿ ನಿಲ್ಲುತ್ತಾರೆ. ನಾವು ತಲುಪಿದ್ದು ಕೊನೆಯ ರಾತ್ರಿಗೆ. ಪ್ರಸಂಗ, ಹದಿನೆಂಟನೆಯ ದಿನದ ಯುದ್ಧ.

ಹತ್ತು ಗಂಟೆಯ ಮೇಲೆ ಮದ್ದಳೆ, ತಾಳ, ಹಾರ್ಮೋನಿಯಂ, ಮುಖವೀಣೆ ಎಲ್ಲ ಕೂಡಿಕೊಂಡವು. ಮುಖವೀಣೆಯೆಂದರೆ ತಂತಿವಾದ್ಯವಲ್ಲ; ನಾಗಸ್ವರದ ಮರಿ. ಗೇಣುದ್ದದ ಆ ಕೊಳವಿಯಿಂದ ಹೊರಡುವ ಸ್ವರ ಹೊಲ ದಾಟಿ ಮುಂದಿನ ಊರಿಗೆ ಕೇಳಿಸುತ್ತದೆ. ಮೊದಲು ಬಂದವನು ಕಟ್ಟಿಯಕ್ಕಾರ. ನಮ್ಮ ಮೂಡಲಪಾಯದ ಸಾರಥಿ, ಯಕ್ಷಗಾನದ ಹನುಮನಾಯಕ, ಇವರ ದಾಯಾದಿ ಅವನು: ಪಾತ್ರಗಳನ್ನು ಮಾತಾಡಿಸುವವನೂ ಅವನೇ, ಸಭೆಯನ್ನು ನಗಿಸುವವನೂ ಅವನೇ, ಊರ ದೊಡ್ಡವರನ್ನು ಚುಚ್ಚುವವನೂ ಅವನೇ. ನಾವು ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದುದು ಹೇಗೋ ಅವನ ಕಿವಿಗೆ ಬಿದ್ದಿತು. ದ್ವಾರಕೆಗೆ ದಾರಿ ಯಾವುದೆಂದು ಕೇಳುವ ಸಂದರ್ಭದಲ್ಲಿ ಥಟ್ಟನೆ ನಮ್ಮ ಕಡೆ ತಿರುಗಿ, “ಏನ್ ಸ್ವಾಮಿ, ಹೊಸೂರು ಬಸ್ಸು ಹೋಯ್ತಾ?” ಎಂದು ಅಚ್ಚ ಕನ್ನಡದಲ್ಲಿ ಕೇಳಿದ. ಸಭೆಯೆಲ್ಲ ನಮ್ಮ ಕಡೆ ತಿರುಗಿ ನಕ್ಕಿತು. ಆ ಕ್ಷಣದಿಂದ ನಾವು ಹೊರಗಿನವರಾಗಿ ಉಳಿಯಲಿಲ್ಲ. ಪಕ್ಕದಲ್ಲಿದ್ದವರು ಚಾಪೆ ಸರಿಸಿ ಕೊಟ್ಟರು, ಮನೆಯವರಿಗೆ ಹೆಂಗಸರ ಗುಂಪಿನಿಂದ ಸುಕ್ಕು ಕಾಫಿ ಬಂದಿತು.

ದುರ್ಯೋಧನನ ಪ್ರವೇಶವನ್ನು ಬರವಣಿಗೆಯಲ್ಲಿ ಹಿಡಿಯುವುದು ಕಷ್ಟ. ಇಬ್ಬರು ಒಂದು ಬಟ್ಟೆಯ ತೆರೆಯನ್ನು ಅಡ್ಡ ಹಿಡಿಯುತ್ತಾರೆ. ಅದರ ಹಿಂದಿನಿಂದ ಅವನು ತನ್ನ ಪ್ರವೇಶದ ಪದ್ಯವನ್ನು ಹಾಡುತ್ತಾನೆ. ಕಾಣುವುದು ಕಿರೀಟದ ತುದಿ, ತೆರೆಯ ಕೆಳಗೆ ಗೆಜ್ಜೆ ಕಟ್ಟಿದ ಎರಡು ಪಾದ. ಹಾಡು ಏರುತ್ತದೆ, ಮದ್ದಳೆ ಏರುತ್ತದೆ, ತೆರೆ ನಡುಗುತ್ತದೆ. ಇನ್ನೇನು ಬಂದ ಎನ್ನುವಾಗ ಮತ್ತೊಂದು ಪದ್ಯ. ಕೊನೆಗೆ ತೆರೆ ಸರಿದಾಗ ಕನ್ನಡಿಯ ಚೂರುಗಳನ್ನು ಹಚ್ಚಿದ ಹಗುರ ಮರದ ಕಿರೀಟವೂ ಭುಜಕೀರ್ತಿಗಳೂ ದೀಪದ ಬೆಳಕಿಗೆ ಒಮ್ಮೆಲೇ ಹೊಳೆದು, ಕೆಂಪು ಮುಖದ ಆ ರಾಜ ಬುಗುರಿಯಂತೆ ಗಿರಿಗಿರಿ ಸುತ್ತಿದಾಗ ಎಳೆಯ ಮಕ್ಕಳು ತಾಯಂದಿರ ಮಡಿಲು ಸೇರಿದವು. ವಿದ್ಯುದ್ದೀಪವೂ ಧ್ವನಿವರ್ಧಕವೂ ಇದ್ದವು. ಧ್ವನಿವರ್ಧಕ ಇಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೆಂದು ನಮ್ಮ ಅಭಿಪ್ರಾಯ.

ಹಾಡುಗಳಲ್ಲಿ ‘ದರು’ ಎಂಬ ಹೆಸರು ಕೇಳಿಬಂದಾಗ ಪಂಡಿತರ ಕಿವಿ ನೆಟ್ಟಗಾಯಿತು. ನಮ್ಮ ಬಯಲಾಟಗಳಲ್ಲಿಯೂ ದರುವೆಂಬ ಹಾಡಿದೆಯಷ್ಟೆ. ತೆಲುಗಿನ ಯಕ್ಷಗಾನದಲ್ಲಿಯೂ ಅದೇ ಹೆಸರು. ಮೂರು ಭಾಷೆಯ ಆಟದವರು ಒಬ್ಬರೊಬ್ಬರ ಚೀಲದಿಂದ ಹಾಡು ತೆಗೆದುಕೊಂಡು ಬೆಳೆದವರು.

ನಡುರಾತ್ರಿ ಕಳೆದ ಮೇಲೆ ಆಟ ನಿಧಾನವಾಯಿತು. ತಮ್ಮಂದಿರೂ ಮಿತ್ರರೂ ಸತ್ತ ರಣದಲ್ಲಿ ದುರ್ಯೋಧನನೊಬ್ಬನೇ ತಿರುಗುತ್ತಾನೆ. ಕುಣಿತವಿಲ್ಲ, ಕಟ್ಟಿಯಕ್ಕಾರನ ಹಾಸ್ಯವಿಲ್ಲ, ಮುಖವೀಣೆಯ ಒಂದು ಎಳೆ ಮಾತ್ರ. ಹತ್ತನೆಯ ಶತಮಾನದ ನಮ್ಮ ರನ್ನ ಮಹಾಕವಿ ‘ಗದಾಯುದ್ಧ’ದಲ್ಲಿ ಚಿತ್ರಿಸಿದ ದುರ್ಯೋಧನನೂ ಹೀಗೆಯೇ ಹೆಣಗಳ ನಡುವೆ ನಡೆದು, ದ್ರೋಣನನ್ನು ಕಂಡು, ಕರ್ಣನನ್ನು ಕಂಡು, ಶತ್ರುವಿನ ಮಗನಾದ ಅಭಿಮನ್ಯುವನ್ನೂ ಕಂಡು ಕರಗಿ, ಕೊನೆಗೆ ವೈಶಂಪಾಯನ ಸರೋವರವನ್ನು ಹೊಗುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಅದರಲ್ಲಿ ಗ್ರೀಕರ ದುರಂತ ನಾಟಕದ ಗಾಂಭೀರ್ಯವನ್ನು ಕಂಡು ಅದನ್ನು ರಂಗಕ್ಕೆ ಹೊಂದಿಸಿದ್ದರು. ಮೂವತ್ತು ವರ್ಷ ರನ್ನನನ್ನು ಪಾಠ ಹೇಳಿದ ನಮ್ಮ ಪಂಡಿತರು ಆ ಹಳ್ಳಿಯ ಚಾಪೆಯ ಮೇಲೆ ಕುಳಿತು, ಎದ್ದು ಹೋಗುತ್ತಿದ್ದ ಆ ಕೆಂಪು ಮುಖದ ರಾಜನನ್ನು ನೋಡುತ್ತ ಕಣ್ಣೊರೆಸಿಕೊಂಡರು. “ಇಷ್ಟು ವರ್ಷ ಪುಸ್ತಕದಲ್ಲಿ ಓದಿದೆ ಮೇಷ್ಟ್ರೇ, ಇವತ್ತು ಕಂಡೆ” ಎಂದಷ್ಟೇ ಹೇಳಿದರು. ಕೂತ್ತಿನವರು ರನ್ನನನ್ನು ಓದಿದವರಲ್ಲ. ಆದರೆ ಸೋತ ರಾಜನ ನಡಿಗೆ ಎಂಥದೆಂದು ಅವರಿಗೆ ಗೊತ್ತು.

ನಸುಕು ಹರಿದಾಗ ಆಟ ರಂಗವನ್ನು ಬಿಟ್ಟು ಹೊರಬಿದ್ದಿತು. ಇದನ್ನು ‘ಪಡುಕಳಂ’ ಎನ್ನುತ್ತಾರೆ. ಮಡಿದ ಕಳ, ಎಂದರೆ ಹಳಗನ್ನಡದಲ್ಲಿಯೂ ಅದೇ ಅರ್ಥ. ಗುಡಿಯ ಮುಂದಿನ ಬಯಲಿನಲ್ಲಿ ಮಣ್ಣಿನ ದುರ್ಯೋಧನ ಅಂಗಾತ ಮಲಗಿದ್ದ. ಹುಡುಗ ಅಡಿಯಿಂದ ಮುಡಿಯವರೆಗೆ ನಡೆದು ಎಣಿಸಿದ, ಇಪ್ಪತ್ತು ಹೆಜ್ಜೆ. ಸುಣ್ಣ, ಕೆಮ್ಮಣ್ಣು, ಮಸಿಗಳಲ್ಲಿ ಬರೆದ ದೊಡ್ಡ ಕಣ್ಣು, ಹುರಿಮೀಸೆ, ಎದೆಯ ಮೇಲೆ ಹಾರ. ಯಾವ ಚಿತ್ರಶಾಲೆಯೂ ಇಂಥ ಶಿಲ್ಪವನ್ನು ಒಳಗೆ ಇರಿಸಿಕೊಳ್ಳಲಾರದು. ಒಂದು ಮಳೆಗೆ ಕರಗುವ ಶಿಲ್ಪ, ಒಂದು ಬೆಳಗಿಗಾಗಿ ಮಾಡಿದ್ದು. ರಾತ್ರಿಯ ವೇಷದವರೇ ಬೆವರಿಗೆ ಬಣ್ಣ ಕರಗಿದ ಮುಖಗಳಲ್ಲಿ ಬಂದರು. ಭೀಮ ಅಟ್ಟಿದ, ದುರ್ಯೋಧನ ಮಣ್ಣಿನ ಮೈಯ ಮೇಲೆಯೇ ಓಡಾಡಿದ, ಊರ ಹುಡುಗರೆಲ್ಲ ಹಿಂದೆ ಮುಂದೆ ಓಡಿದರು. ಯಾರು ನಟ, ಯಾರು ಪ್ರೇಕ್ಷಕ ಎಂಬ ಗಡಿ ಅಳಿಸಿಹೋಯಿತು. ಕೊನೆಗೆ ಭೀಮನ ಗದೆ ಮಣ್ಣಿನ ತೊಡೆಗೆ ಬಿದ್ದಿತು. ಒಳಗೆ ಹೂತಿಟ್ಟ ಮಡಕೆ ಒಡೆದು ಕೆಂಪುನೀರು ಚಿಮ್ಮಿತು. ದ್ರೌಪದಿ ಅದನ್ನು ಮುಡಿಗೆ ಹಚ್ಚಿ ಕೂದಲು ಕಟ್ಟಿದಳು. ಅದುವರೆಗೆ ಗದ್ದಲವಾಗಿದ್ದ ಬಯಲು ಆ ಹೊತ್ತಿಗೆ ಮೌನವಾಯಿತು. ಕೈಮುಗಿದು ನಿಂತ ಹೆಂಗಸರಲ್ಲಿ ಕೆಲವರು ಅಳುತ್ತಿದ್ದರು. ಆಮೇಲೆ ಜನ ನುಗ್ಗಿ ದುರ್ಯೋಧನನ ಮೈಮಣ್ಣನ್ನು ಹಿಡಿಹಿಡಿಯಾಗಿ ಕೆದರಿ ಮನೆಗೆ ಒಯ್ದರು. ಕಣಜದಲ್ಲಿಟ್ಟರೆ ಬೆಳೆ ಹುಲುಸಂತೆ. ಮನೆಯವರೂ ಒಂದು ಹಿಡಿ ತಂದಿದ್ದಾರೆ.

ಬಣ್ಣ ಒರೆಸಿಕೊಳ್ಳುತ್ತಿದ್ದ ಮೇಳದವರ ಬಳಿ ಹೋದೆವು. ಮೇಳದ ಗುರುವನ್ನು ಕರೆಯುವುದು ವಾದ್ಯಾರ್ ಎಂದು. ತಮಿಳಿನಲ್ಲಿ ಶಾಲೆಯ ಮೇಷ್ಟರಿಗೂ ಅದೇ ಮಾತು. ನಮ್ಮ ವೃತ್ತಿಯನ್ನು ಕೇಳಿ ಆ ವೃದ್ಧರು ನಕ್ಕು, “ನೀವೂ ವಾದ್ಯಾರು, ನಾನೂ ವಾದ್ಯಾರು. ನಿಮಗೆ ಮಕ್ಕಳು ಬರುತ್ತಾರೆ, ನನಗೆ ಬರುವುದಿಲ್ಲ” ಎಂದರು. ಹಾಸ್ಯದ ಮಾತಾದರೂ ಅದರ ಹಿಂದಿನ ಸತ್ಯ ದೊಡ್ಡದು. ಉತ್ಸವದ ತಿಂಗಳುಗಳಲ್ಲಿ ಮಾತ್ರ ಆಟ. ಮಿಕ್ಕ ಕಾಲ ಕೂಲಿ. ದ್ರೌಪದಿಯ ವೇಷದ ಗಂಡಸು ಮಾವಿನ ತಿರುಳಿನ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ದುರ್ಯೋಧನ ಕಲ್ಲಿಗೆ ಹೊಳಪು ಕೊಡುವ ಕೆಲಸಗಾರ. ಅವರ ಮಕ್ಕಳು ಹೊಸೂರಿನ ಕಾರ್ಖಾನೆಗಳಿಗೆ ಬಂದು ಸೇರಿದ್ದಾರೆ. ಮೊದಲು ಹದಿನೆಂಟು ರಾತ್ರಿ ಆಡಿಸುತ್ತಿದ್ದ ಊರುಗಳು ಹತ್ತಕ್ಕೆ, ಎಂಟಕ್ಕೆ ಇಳಿದಿವೆಯೆಂದರು. ಮುಖವೀಣೆ ನುಡಿಸಿದವರಿಗೆ ಎಪ್ಪತ್ತು ದಾಟಿದೆ, ಅವರಿಗೆ ಶಿಷ್ಯರಿಲ್ಲ. ಅವರ ಉಸಿರು ನಿಂತರೆ ಹಾರ್ಮೋನಿಯಂ ಒಂದರಲ್ಲಿಯೇ ಆಟ ನಡೆಸಬೇಕಾಗುತ್ತದೆ.

ಈ ಕಲೆಗೆ ಹೊರಗೆ ಮನ್ನಣೆ ಇಲ್ಲದಿಲ್ಲ. ತಿರುವಣ್ಣಾಮಲೈ ಜಿಲ್ಲೆಯ ಪುರಿಸೈ ಗ್ರಾಮದ ಕಣ್ಣಪ್ಪ ತಂಬಿರಾನ್ ಅವರ ಮನೆತನ ತೆರುಕ್ಕೂತ್ತನ್ನು ದೇಶವಿದೇಶಗಳಿಗೆ ಒಯ್ದು, ಜರ್ಮನಿಯ ಬ್ರೆಕ್ಟನ ನಾಟಕವನ್ನೂ ಕೂತ್ತಾಗಿ ಆಡಿತು. ನಾ. ಮುತ್ತುಸ್ವಾಮಿಯವರು 1977ರಲ್ಲಿ ಚೆನ್ನೈಯಲ್ಲಿ ಕಟ್ಟಿದ ‘ಕೂತ್ತುಪ್ಪಟ್ಟರೈ’ ಈ ಕಲೆಯಿಂದ ಹೊಸ ನಟರನ್ನು ತಯಾರಿಸಿತು. ಆದರೆ ಹಳ್ಳಿಯಲ್ಲಿ ‘ಕೂತ್ತಾಡಿ’ ಎಂಬುದು ಇಂದಿಗೂ ಬೈಗುಳವೇ.

ಈಗ ಹುಡುಗನ ವಿಷಯ. ಅವನ ಮನೆಮಾತು ಕನ್ನಡ. ಅವನ ಅಜ್ಜ ಮೂಡಲಪಾಯದ ವೇಷಧಾರಿಯಾಗಿದ್ದವರು; ಅವರ ಗೆಜ್ಜೆಯ ಜೋಡಿ ಇನ್ನ‌ೂ ಮನೆಯ ಅಟ್ಟದ ಮೇಲಿದೆ. ರಾತ್ರಿಯೆಲ್ಲ ಅವನು ಕಣ್ಣು ಮುಚ್ಚಲಿಲ್ಲ, ವೇಷಗಳನ್ನೂ ಹೆಚ್ಚು ನೋಡಲಿಲ್ಲ. ಮುಖವೀಣೆಯ ಮುದುಕರ ಬೆರಳುಗಳನ್ನೇ ನೋಡುತ್ತಿದ್ದ. ಬೆಳಗ್ಗೆ ಅವರ ಮುಂದೆ ಕುಳಿತು, ತಮಿಳಿನಲ್ಲಿ, ತನಗೆ ಕಲಿಸುವಿರಾ ಎಂದು ಕೇಳಿಯೇಬಿಟ್ಟ. 2006ರ ಕಾನೂನಿನ ಮೇಲೆ ನಮ್ಮ ಕನ್ನಡ ಶಾಲೆಗಳಿಗೂ ತಮಿಳು ಕಡ್ಡಾಯವಾದಾಗ ಎದ್ದ ವಾದವಿವಾದ ವಾಚಕರಿಗೆ ಗೊತ್ತು. ಮಕ್ಕಳ ಕನ್ನಡ ಬಡವಾದೀತೆಂಬ ನಮ್ಮ ಆತಂಕ ಈಗಲೂ ಇದೆ. ಆದರೂ ಆ ಹುಡುಗ ಆ ಮುದುಕರೊಡನೆ ತಡವರಿಸದೆ ಮಾತಾಡಿದ್ದನ್ನು ಕೇಳಿ ನಮಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆವು.

ಮುದುಕರು ಅವನ ಕೈಬೆರಳನ್ನು ಹಿಡಿದು ನೋಡಿ, ವಾದ್ಯವನ್ನು ಅವನ ತುಟಿಗಿಟ್ಟು ಊದಿಸಿದರು. ಬಂದದ್ದು ಗಾಳಿಯ ಸದ್ದು ಮಾತ್ರ. “ಒಂದು ತಿಂಗಳು ಬರೀ ಉಸಿರು ಹಿಡಿಯುವುದು. ಹಾಡು ಆಮೇಲೆ. ನಿಮ್ಮ ತಾತನ ಹಾಡು ಯಾರಿಗಾದರೂ ಬಂದರೆ ಅದನ್ನೂ ಕಲಿತುಕೊಂಡು ಬಾ ಕಣ್ಣು” ಎಂದರು. ಹುಡುಗನ ತಂದೆ ಇದಕ್ಕೆ ಒಪ್ಪುವುದು ಕಷ್ಟ. ಮಗ ಪಾಲಿಟೆಕ್ನಿಕ್ ಸೇರಬೇಕು, ತನ್ನಂತೆ ಪಾಳಿಯ ಕೆಲಸಕ್ಕೆ ಹೋಗಬಾರದು ಎಂಬುದು ಅವರ ಆಸೆ. ಆ ಆಸೆಯನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ನಾವು ಊರಿಗೆ ಬಂದು ಅವರೊಡನೆ ಎರಡು ಸಲ ಮಾತಾಡಿದ್ದೇವೆ. ಪಾಲಿಟೆಕ್ನಿಕ್ಕಿಗೆ ಅರ್ಜಿ ಹಾಕುವುದು ಹಾಕಲಿ. ರಜೆಯ ದಿನಗಳಲ್ಲಿ ಹುಡುಗ ಕಾವೇರಿಪಟ್ಟಣಕ್ಕೆ ಹೋಗಿ ಬರಲಿ ಎಂಬುದು ನಮ್ಮ ಸಲಹೆ. ಮೊದಲ ಸಲ ಅವರು ಮಾತಾಡಲಿಲ್ಲ. ಎರಡನೆಯ ಸಲ, ಬಸ್ಸಿನ ಖರ್ಚು ಎಷ್ಟಾಗುತ್ತದೆಂದು ಕೇಳಿದರು. ಹುಡುಗನ ತಾಯಿ ಅಟ್ಟದಿಂದ ಗೆಜ್ಜೆ ಇಳಿಸಿ ತೊಳೆದಿಟ್ಟಿದ್ದಾರೆ.

ಹೋಗಿ ನೋಡಬಯಸುವ ವಾಚಕರಿಗೆ ಎರಡು ಮಾತು. ಭಾರತದ ಉತ್ಸವಗಳು ಸಾಮಾನ್ಯವಾಗಿ ತಮಿಳರ ಪಂಗುನಿಯಿಂದ ವೈಕಾಸಿಯವರೆಗೆ, ಎಂದರೆ ಮಾರ್ಚಿ ತಿಂಗಳ ನಡುವಿನಿಂದ ಜೂನ್ ನಡುವಿನವರೆಗೆ ನಡೆಯುತ್ತವೆ. ಕೃಷ್ಣಗಿರಿ, ಕಾವೇರಿಪಟ್ಟಣದ ಬಸ್ ನಿಲ್ದಾಣಗಳ ಗೋಡೆಗಳಲ್ಲಿ ಅಂಟಿಸಿದ ಪ್ರಕಟಣೆಗಳನ್ನು ನೋಡಿದರೆ ಯಾವ ಊರಿನಲ್ಲಿ ಯಾವ ರಾತ್ರಿ ಯಾವ ಪ್ರಸಂಗವೆಂದು ತಿಳಿಯುತ್ತದೆ. ಟಿಕೆಟ್ಟಿಲ್ಲ, ತಟ್ಟೆ ಬಂದಾಗ ಕೈಲಾದುದನ್ನು ಹಾಕಬೇಕು. ಚಾಪೆ, ಹೊದಿಕೆ ಇರಲಿ. ಬೇಸಿಗೆಯಾದರೂ ನಸುಕಿನಲ್ಲಿ ಚಳಿಯಿರುತ್ತದೆ. ಕೃಷ್ಣಗಿರಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಮಲ್ಲಚಂದ್ರದ ಗುಡ್ಡದ ಮೇಲೆ ನೀರಿಲ್ಲ, ನೆರಳಿಲ್ಲ. ಸೂರ್ಯ ಮೇಲೇರುವ ಮುಂಚೆ ಇಳಿದುಬಿಡಿ. ಚಿತ್ರಗಳು ಚೆನ್ನಾಗಿ ಕಾಣಲೆಂದು ಕಲ್ಲಿಗೆ ನೀರೆರಚುವ ಕೆಟ್ಟ ಪದ್ಧತಿ ಕೆಲವರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಕೆಯ ಅಜ್ಜಿ ಸಿಕ್ಕಿದರೆ ಅವರಿಂದ ಭೀಮನ ಕಥೆಯನ್ನು ಕೇಳಿ. ನಮಗೆ ಹೇಳಿದ್ದಕ್ಕಿಂತ ಇನ್ನೂ ಹೆಚ್ಚು ಅವರಲ್ಲಿದೆಯೆಂದು ತೋರಿತು.